ಯಾವೂರ ಕೈ?

ರಾಯಚೂರು ಸ್ಟೇಷನ್

ಇಂಗ್ಲೆಂಡಿಗೆ ಹೊರಟ ದಿನದ ನನ್ನ ದಿನಚರಿಯಲ್ಲಿ ಇರುವುದು ಇಷ್ಟೇ: 'ಮೊಸರನ್ನ ಚೆಲ್ಲಿತು. ಸೀರೆ ಬದಲಿಸಬೇಕಾಯಿತು.' ನೆನಪಿನಲ್ಲಿ ಮಾತ್ರ ಆ ದಿನ ಬೇರೆಯೇ ಇದೆ. ಅಲ್ಲಿ ನಾನು ಬೊಂಬಾಯಿ ಗಾಡಿಯ ಕಿಟಕಿಯ ಬಳಿ ಕುಳಿತು, ಹಿಂದೆ ಸರಿಯುವ ಕೋಟೆಯ ಗುಡ್ಡವನ್ನು ನೋಡುತ್ತಾ, ದೇಶದ ಭವಿಷ್ಯದ ಬಗ್ಗೆ ಯೋಚಿಸುತ್ತಿದ್ದೇನೆ. ಆ ಗಾಡಿ ಹೊರಟಾಗ ಗುಡ್ಡ ಕಾಣುವಷ್ಟು ಬೆಳಕಿತ್ತೇ ಎಂಬುದೇ ಈಗ ಅನುಮಾನ. ಆದ್ದರಿಂದ ಓದುವವರು ಒಂದು ಎಚ್ಚರ ಇಟ್ಟುಕೊಳ್ಳಿ. ಈ ಬರಹದಲ್ಲಿ ನಾನು ಎಲ್ಲೆಲ್ಲಿ ಗಂಭೀರವಾಗಿ ಕಾಣುತ್ತೇನೋ ಅಲ್ಲೆಲ್ಲ ಮೊಸರನ್ನ ಚೆಲ್ಲಿರಬಹುದು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ರಾಯಚೂರಿನ ಒಂದು ಕಾಲೇಜಿನಲ್ಲಿ ಬಿ.ಎ. ತರಗತಿಗೆ ಸಮಗ್ರ ಅರ್ಥಶಾಸ್ತ್ರ ಕಲಿಸುತ್ತಿದ್ದೆ. ಒಂದು ಮನೆಯ ಖರ್ಚು, ಒಂದು ಅಂಗಡಿಯ ಬೆಲೆ ಇವೆಲ್ಲ ಬೇರೆ ಪೇಪರು. ಇಡೀ ದೇಶದ ಬೆಲೆ, ಕೆಲಸ, ಹಣ ಮೂರನ್ನೂ ಒಟ್ಟಿಗೆ ಹಿಡಿದು ನೋಡುವುದು ಈ ಪೇಪರು. ನಾನು ಇದಕ್ಕೆ ಮನಸೋತದ್ದು ಚಿಕ್ಕಂದಿನಲ್ಲೇ ಇರಬೇಕು. ಮಾನ್ವಿಯ ನಮ್ಮ ಮನೆಯಲ್ಲಿ ಎಣ್ಣೆ ತುಟ್ಟಿಯಾದಾಗ ಅಪ್ಪ ಕಿರಾಣಿ ಅಂಗಡಿಯವನನ್ನು ಬೈಯುತ್ತಿದ್ದ. ಅಂಗಡಿಯವ ರಾಯಚೂರಿನ ಸಗಟು ವ್ಯಾಪಾರಿಯನ್ನು ಬೈಯುತ್ತಿದ್ದ. ಸಗಟು ವ್ಯಾಪಾರಿ ಯಾರನ್ನು ಬೈಯುತ್ತಿದ್ದನೋ ನಮಗೆ ಕೇಳಿಸುತ್ತಿರಲಿಲ್ಲ. ಒಂದೇ ದಿನ ಇಷ್ಟೂ ಜನ ಕಳ್ಳರಾಗುವುದು ಹೇಗೆ ಎಂದು ನನಗೆ ಆಶ್ಚರ್ಯ. ಕಳ್ಳನನ್ನು ಹುಡುಕದೆ ಕಾರಣ ಹುಡುಕುವ ಒಂದು ಶಾಸ್ತ್ರ ಇದೆ ಎಂದು ಕಾಲೇಜಿನಲ್ಲಿ ತಿಳಿದ ದಿನ ಹಬ್ಬ ಬಂದಂತಾಗಿತ್ತು.

ಆದರೆ ನಾನು ಕಲಿಸಲು ನಿಲ್ಲುವ ಹೊತ್ತಿಗೆ ಆ ಶಾಸ್ತ್ರವೇ ಕಾಲು ಜಾರಿ ಬಿದ್ದಿತ್ತು. ನಾವು ಓದಿದ ನಿಯಮ ತಕ್ಕಡಿಯಂತಿತ್ತು. ಒಂದು ತಟ್ಟೆಯಲ್ಲಿ ಬೆಲೆಯೇರಿಕೆ, ಇನ್ನೊಂದರಲ್ಲಿ ನಿರುದ್ಯೋಗ. ಒಂದು ಏರಿದರೆ ಇನ್ನೊಂದು ಇಳಿಯಬೇಕು. ಎಪ್ಪತ್ತರ ದಶಕದಲ್ಲಿ ಹೊರದೇಶಗಳಲ್ಲಿ ಎಲ್ಲ ಕಡೆ ಎರಡೂ ತಟ್ಟೆ ಒಟ್ಟಿಗೆ ಮೇಲೆ ಹೋದವು. ಪುಸ್ತಕ ಮಾತ್ರ ಹಳೆಯದೇ ಇತ್ತು.

ನಮ್ಮ ಪ್ರಿನ್ಸಿಪಾಲ್ ಖಾದ್ರಿ ಸಾಹೇಬರು ಇತಿಹಾಸ ಕಲಿಸಿದವರು. ಒಂದು ದಿನ ಕರೆಸಿದರು. ಅಲ್ಲಿ ಸಹಕಾರ ಎಂಬ ಪೇಪರು ಕಲಿಸುವ ವೀರಭದ್ರಪ್ಪ ಮಾಸ್ತರರೂ ಕುಳಿತಿದ್ದರು.

"ಮೇಡಂನೋರೆ, ನಿಮ್ಮ ಪೇಪರಿನಾಗ ಹುಡುಗ್ರು ಯಾಕ ಬೀಳ್ತಾರ?" ಎಂದರು ಸಾಹೇಬರು.

"ಪುಸ್ತಕ ಒಂದು ಹೇಳ್ತದ್ರಿ, ದೇಶದಾಗ ಇನ್ನೊಂದು ನಡದದ. ಹುಡುಗ್ರು ದೇಶ ನೋಡಿ ಬರೀತಾರ, ಬೀಳ್ತಾರ."

"ತಪ್ಪು ಯಾರ್ದು ಹಂಗಾದ್ರ? ಪುಸ್ತಕದ್ದೋ, ದೇಶದ್ದೋ?"

"ಅದಾ ಜಗಳ ನಡದದ್ರಿ. ದೊಡ್ಡ ದೊಡ್ಡವ್ರು ಜಗಳಾಡಾಕತ್ತಾರ."

ವೀರಭದ್ರಪ್ಪ ಮಾಸ್ತರರು ಇದಕ್ಕೇ ಕಾದಿದ್ದರು. "ಹೆಸರು ನೋಡ್ರಿ ಸರ, ಸಮಗ್ರ ಅಂತ! ಎಲ್ಲಾ ತಿಳದವ್ರಂಗ. ನಮ್ಮ ಸಹಕಾರ ನೋಡ್ರಿ, ಜಗಳ ಇಲ್ಲ, ತಂಟಿ ಇಲ್ಲ."

"ಸಹಕಾರ ಸಂಘದ ಎಲೆಕ್ಷನ್ ನೋಡೀರೇನ್ರಿ ಮಾಸ್ತರ?" ಎಂದರು ಸಾಹೇಬರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಗ ಇಂಗ್ಲೆಂಡಿನ ಬುಲಾವ್ ಬಂದದಲ್ಲ, ಹೋಗಿ ಬರ್ರಿ. ಈ ಜಗಳದಾಗ ಖರೇ ಯಾರ್ದು ಅಂತ ಫೈಸಲಾ ತಿಳ್ಕೊಂಡು ಬರ್ರಿ. ಫೈಸಲಾ ಇಲ್ಲಾಂದ್ರ ನಿಮ್ಮ ಪೇಪರ್ ತಗದು ಸಹಕಾರ ಇಡೋದು. ನೀವೂ ಅದನ್ನ ಕಲಿಸೀರಂತ."

ಅಲ್ಲಿನ ಒಂದು ವಿಶ್ವವಿದ್ಯಾಲಯ ಬೇರೆ ಬೇರೆ ದೇಶದ ಅಧ್ಯಾಪಕರಿಗೆಂದು ಬೇಸಿಗೆಯ ಶಿಬಿರ ಇಟ್ಟಿತ್ತು. ವಿಷಯ: ಸಮಗ್ರ ಅರ್ಥಶಾಸ್ತ್ರದ ಇಂದಿನ ಸ್ಥಿತಿ. ನನ್ನ ಇಂದಿನ ಸ್ಥಿತಿಯೂ ಅದಕ್ಕೇ ಗಂಟು ಬಿದ್ದಿತು.

ಮಾನ್ವಿ

ಹೋಗುವ ಮೊದಲು ಮಾನ್ವಿಗೆ ಹೋಗಿ ಸೋದರಮಾವನ ಆಶೀರ್ವಾದ ಪಡೆಯಬೇಕಿತ್ತು. ಬಸಣ್ಣ ಮಾವ ಎತ್ತಿನ ವ್ಯಾಪಾರದ ದಲಾಲಿ. ಗದ್ದೆಗೆ ನೀರು ಬಿಡುವ ಮುಂಚಿನ ದಿನಗಳಲ್ಲಿ ಅವನನ್ನು ಹಿಡಿಯುವುದು ತಹಶೀಲ್ದಾರರನ್ನು ಹಿಡಿದಷ್ಟೇ ಕಷ್ಟ. ಅವತ್ತು ಸಿಕ್ಕ.

"ಅಲ್ಲೇನ್ ಕಲಿಯಾಕ ಹೊಂಟೀಬೇ ಹುಲ್ಗಿ?" ಎಂದ. ನನ್ನ ಹೆಸರು ಹುಲಿಗೆಮ್ಮ.

"ಧಾರಣಿ ಯಾಕ ಏರ್ತದ ಅಂತ, ಮಾವ."

"ಅದಕ್ಕ ವಿಮಾನ ಯಾಕ ಬೇಕು? ಮಾರೋನು ಏರಸ್ತಾನ, ಏರ್ತದ."

"ದೇಶದಾಗಿನ ಮಾರೋರೆಲ್ಲ ಒಮ್ಮಿಗೇ ಯಾಕ ಏರಸ್ತಾರ?"

"ಒಬ್ಬವ ಏರಸಿದ್ದ ನೋಡಿ ಇನ್ನೊಬ್ಬವ. ಇಷ್ಟೂ ತಿಳೀಲಾರದ ಎಂ.ಎ. ಹೆಂಗ ಪಾಸಾದಿ?"

"ಮೊದಲನೇದವ ಯಾಕ ಏರಸಿದ?"

ಮಾವ ಮೀಸೆ ತಿರುವಿದ. "ಅವ ದೇವದುರ್ಗದವ ಇರ್ಬೇಕು," ಎಂದ.

ಅಪ್ಪನ ಊರು ದೇವದುರ್ಗ. ನಮ್ಮ ಮನೆಯಲ್ಲಿ ತಪ್ಪುಗಳೆಲ್ಲ ಅಲ್ಲಿಂದಲೇ ಬರುತ್ತಿದ್ದವು.

ಹೊರಡುವಾಗ ಮಾವ ತನ್ನ ಹೊಸ ವಲ್ಲಿ, ಎಂದರೆ ಹೆಗಲ ಮೇಲಿನ ಕೆಂಪಂಚಿನ ಟವೆಲು, ನನ್ನ ಕೈಗೆ ಕೊಟ್ಟ. "ಥಂಡಿ ದೇಶ. ಕಿವಿಗೆ ಸುತ್ಕೋ." ಆ ವಲ್ಲಿ ನೋಡಿದರೆ ನನಗೆ ಥಂಡಿಗಿಂತ ಮೊದಲು ಒಂದು ಆಟ ನೆನಪಾಗುತ್ತದೆ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೇಳಿಸಿಕೊಂಡ ಮೂರನೆಯವ ನಡುವೆ ಬಾಯಿ ಹಾಕಿ ವ್ಯಾಪಾರ ಕೆಡಿಸುತ್ತಾನೆ. ಅದಕ್ಕೆ ಕೊಳ್ಳುವವನೂ ದಲಾಲಿಯೂ ವಲ್ಲಿಯ ಕೆಳಗೆ ಕೈಗೆ ಕೈ ಕೊಟ್ಟು ಬೆರಳು ಅದುಮಿ ಬೆಲೆ ಹೇಳುತ್ತಾರೆ. ಮೇಲೆ ಮಳೆ, ಮಗಳ ಮದುವೆ ಎಂದು ಬೇರೆಯೇ ಮಾತು ನಡೆದಿರುತ್ತದೆ. ಹೆಣ್ಣುಮಕ್ಕಳನ್ನು ದನದ ಸಂತೆಗೆ ಕರೆದೊಯ್ಯುತ್ತಿರಲಿಲ್ಲವಾದ್ದರಿಂದ ನನಗೆ ಅದು ಪಡಸಾಲೆಯ ಆಟವಾಗಿಯೇ ಗೊತ್ತು. ಮಾನ್ವಿಯಲ್ಲಿ ಮಾವ ಆಡಿಸುತ್ತಿದ್ದ. ಸೂಟಿಯಲ್ಲಿ ದೇವದುರ್ಗಕ್ಕೆ ಹೋದರೆ ತಾತ ಆಡಿಸುತ್ತಿದ್ದ. ಬೆಲೆ ಸರಿಯಾಗಿ ಗುರುತಿಸಿದರೆ ಪೆಪ್ಪರಮಿಂಟು.

ಎರಡು ನಲ್ಲಿಗಳ ಮನೆ

ಇಂಗ್ಲೆಂಡಿನ ಉತ್ತರಕ್ಕಿರುವ ಸಣ್ಣ ಊರು. ನನಗೆ ಕೋಣೆ ಕೊಟ್ಟ ಮನೆಯೊಡತಿಯ ಹೆಸರು ಮಿಸೆಸ್ ಡಾಬಿ. ಆಕೆಗೆ ಹುಲಿಗೆಮ್ಮ ಎನ್ನಲು ಬಾಯಿ ತಿರುಗಲಿಲ್ಲ, ಹ್ಯೂಲಿ ಎಂದಳು. ಬಚ್ಚಲಿನ ಬೋಗುಣಿಗೆ ಎರಡು ನಲ್ಲಿ. ಒಂದರಲ್ಲಿ ಕುದಿಯುವ ನೀರು, ಇನ್ನೊಂದರಲ್ಲಿ ಮಂಜು ಕರಗಿದ ನೀರು, ಎರಡರ ನಡುವೆ ಒಂದು ಗೇಣು. ಮೊದಲ ದಿನ ಎಡಗೈ ಸುಟ್ಟುಕೊಂಡೆ, ಬಲಗೈ ಮರಗಟ್ಟಿತು. ಎರಡನ್ನೂ ಕೂಡಿಸಿ ಒಂದೇ ನಲ್ಲಿ ಯಾಕೆ ಮಾಡಿಲ್ಲ ಎಂದು ಕೇಳಿದೆ. ಮಿಸೆಸ್ ಡಾಬಿ ನನ್ನನ್ನು ಕರುಣೆಯಿಂದ ನೋಡಿ, "ಅವು ಬೇರೆ ಬೇರೆ ನೀರು, ಮಗೂ," ಎಂದಳು.

ಇನ್ನು ಸಾಲು. ಬಸ್ ಸ್ಟಾಪಿನಲ್ಲಿ ಒಬ್ಬನೇ ಮುದುಕ ನಿಂತಿದ್ದ. ನಾನು ಹೋಗಿ ಪಕ್ಕದಲ್ಲಿ ನಿಂತೆ. ಆತ ಅರ್ಧ ಹೆಜ್ಜೆ ಮುಂದೆ ಸರಿದ. ನಾನೂ ಸರಿದೆ. ಆತ ಮತ್ತೆ ಸರಿದ. ಹೀಗೆ ಇಬ್ಬರೂ ಮುಂದಿನ ಅಂಗಡಿಯವರೆಗೆ ಹೋದೆವು. ಒಬ್ಬನೇ ಇದ್ದರೂ ಅದು ಸಾಲು, ನಾನು ಹಿಂದೆ ನಿಲ್ಲಬೇಕಿತ್ತು ಎಂದು ಆಮೇಲೆ ತಿಳಿಯಿತು. ರಾಯಚೂರಿನ ಬಸ್ ಸ್ಟ್ಯಾಂಡಿನಲ್ಲಿ ಬೆಳೆದವರಿಗೆ ಇದು ಬಹಳ ಸೂಕ್ಷ್ಮವಾದ ವಿಷಯ.

ಮಿಸೆಸ್ ಡಾಬಿಯ ಅಳಿಯ ಅಲ್ಲಿನ ಬಟ್ಟೆ ಗಿರಣಿಯಲ್ಲಿದ್ದವ. ಗಿರಣಿ ಮುಚ್ಚಿ, ಅವನೂ ಮಗಳೂ ಈ ಮನೆಗೇ ಬಂದಿದ್ದರು. ಅಳಿಯ ಇಡೀ ದಿನ ತೋಟದಲ್ಲಿ, ಬೆಳೆಯಲು ಏನೂ ಉಳಿದಿಲ್ಲದ ಪಾತಿಗಳನ್ನು ಮತ್ತೆ ಮತ್ತೆ ಅಗೆಯುತ್ತಿದ್ದ. ನಾನು ಸಂಜೆ ಬಾಗಿಲು ತೆರೆದು ಒಳಗೆ ಬಂದರೆ ಮಿಸೆಸ್ ಡಾಬಿ ಅಡುಗೆಮನೆಯಿಂದಲೇ ಕೇಳುತ್ತಿದ್ದಳು: "ಇವತ್ತಾದರೂ ಸರಿಮಾಡಿದರಾ?"

ಆಕೆಯ ಲೆಕ್ಕದಲ್ಲಿ ಅಷ್ಟು ಜನ ಪಂಡಿತರು ಬೆಟ್ಟದ ಮೇಲಿನ ವಿಶ್ವವಿದ್ಯಾಲಯದ ಕಟ್ಟಡದಲ್ಲಿ ಸೇರಿರುವುದು ದೇಶವನ್ನು ಸರಿಮಾಡಲಿಕ್ಕೆ. ಇನ್ನೂ ಇಲ್ಲ ಎಂದು ನಾನು ಹೇಳುತ್ತಿದ್ದೆ. "ನಿಧಾನವಾಗಿ ಮಾಡಲಿ, ಸರಿಯಾಗಿ ಮಾಡಲಿ," ಎನ್ನುತ್ತಿದ್ದಳು.

ಬೆಟ್ಟದ ಮೇಲಿನ ಸಭಾಂಗಣ

ಶಿಬಿರವನ್ನು ಇಬ್ಬರು ಹಿರಿಯ ಪ್ರಾಧ್ಯಾಪಕರು ನಡೆಸುತ್ತಿದ್ದರು. ಅವರ ಹೆಸರುಗಳನ್ನು ಬಿಟ್ಟು, ದಿನಚರಿಯಲ್ಲಿ ನಾನು ಇಟ್ಟ ಹೆಸರುಗಳಿಂದಲೇ ಕರೆಯುತ್ತೇನೆ. ಖರ್ಚಿನ ಮೇಷ್ಟ್ರ ಮತ ಹೀಗೆ: ಜನ ಕೊಳ್ಳುವುದನ್ನು ನಿಲ್ಲಿಸಿದರೆ ಗಿರಣಿ ಮುಚ್ಚುತ್ತದೆ, ಆಗ ಸರ್ಕಾರವೇ ಕೈ ಬಿಚ್ಚಿ ಖರ್ಚು ಮಾಡಬೇಕು. ನೋಟಿನ ಮೇಷ್ಟ್ರ ಮತ ಹೀಗೆ: ಸರ್ಕಾರ ನೋಟು ಹೆಚ್ಚಿಸಿದ್ದರಿಂದಲೇ ಈ ಗತಿ, ನೋಟಿನ ಬಾಯಿ ಕಟ್ಟಿದರೆ ಬೆಲೆ ತಾನಾಗಿ ಇಳಿಯುತ್ತದೆ, ಆಮೇಲೆ ಉಳಿದದ್ದು. ಕುತೂಹಲವೆಂದರೆ ಖರ್ಚಿನ ಮೇಷ್ಟ್ರು ಯಾರಿಗೂ ಒಂದು ಕಪ್ ಚಹಾ ಕೊಡಿಸಿದ್ದನ್ನು ನಾನು ನೋಡಲಿಲ್ಲ. ನೋಟಿನ ಮೇಷ್ಟ್ರು ಎಲ್ಲರಿಗೂ ಕೊಡಿಸುತ್ತಿದ್ದರು.

ಇಬ್ಬರೂ ನೇರವಾಗಿ ಮಾತಾಡುತ್ತಿರಲಿಲ್ಲ. ಒಂದೇ ಮೇಜಿನ ಎರಡು ತುದಿಯಲ್ಲಿ ಕುಳಿತು, ನಮ್ಮ ಮೂಲಕ ಮಾತಾಡುತ್ತಿದ್ದರು. "ನನ್ನ ಮಿತ್ರರು ಗಿರಣಿಗಳನ್ನು ನೋಡಿದ್ದರೆ ಹೀಗೆ ಹೇಳುತ್ತಿರಲಿಲ್ಲ ಎಂದು ನಿಮಗನಿಸುವುದಿಲ್ಲವೇ?" ಎಂದು ಒಬ್ಬರು ನನ್ನನ್ನು ಕೇಳುವರು. "ನನ್ನ ಮಿತ್ರರಿಗೆ ಗಿರಣಿ ಕಾಣುತ್ತದೆ, ಅದನ್ನು ಕೆಡಿಸಿದ್ದು ಕಾಣುವುದಿಲ್ಲ," ಎಂದು ಇನ್ನೊಬ್ಬರು ನನಗೇ ಹೇಳುವರು. ನಮ್ಮ ಕಡೆ ಮುನಿಸಿಕೊಂಡ ಗಂಡಹೆಂಡತಿ 'ನಿಮ್ಮಪ್ಪಗ ಹೇಳು, ಅನ್ನ ಆಗ್ಯದ' ಎಂದು ಮಕ್ಕಳ ಕೈಲಿ ಹೇಳಿಸುವಂತೆ. ಅಲ್ಲಿ ನಾವೆಲ್ಲ ಮಕ್ಕಳು.

ನಡುವೆ ಅಮೆರಿಕದಿಂದ ಒಬ್ಬ ತರುಣ ವಿದ್ವಾಂಸ ಬಂದ. ಆತನಿಗೆ ಈ ಇಬ್ಬರೂ ಹಳಬರು. ಬೋರ್ಡಿನ ತುಂಬ ಗ್ರೀಕ್ ಅಕ್ಷರ ಬರೆದು ಆತ ಹೇಳಿದ್ದಿಷ್ಟು: ಜನ ದಡ್ಡರಲ್ಲ, ಸರ್ಕಾರ ಏನು ಮಾಡುತ್ತದೆಂದು ಮೊದಲೇ ಊಹಿಸಿ ತಮ್ಮ ಬೆಲೆ ಹಚ್ಚುತ್ತಾರೆ, ಆದ್ದರಿಂದ ಸರ್ಕಾರದ ಆಟ ಸಾಗುವುದಿಲ್ಲ. ನನಗೆ ಬಹಳ ಹಿಡಿಸಿತು. ಎದ್ದು ನಿಂತು, ನಮ್ಮ ಮಾನ್ವಿಯಲ್ಲಿ ಬಜೆಟ್ಟಿಗೆ ಮೊದಲೇ ಸೀಮೆಎಣ್ಣೆ ಅಂಗಡಿಗಳಿಂದ ಮಾಯವಾಗುತ್ತದೆ ಎಂದೆ.

"ಸರಿಯಾಗಿ ಹೇಳಿದಿರಿ!" ಎಂದು ಆತ ಕುಣಿಯುವುದೊಂದು ಬಾಕಿ.

"ಆದರೆ ಬಜೆಟ್ಟಿನಲ್ಲಿ ಬೆಲೆ ಏರದಿದ್ದರೂ ಅದು ಮಾಯವಾಗಿಯೇ ಇರುತ್ತದೆ," ಎಂದೆ.

ಆತ ಬೋರ್ಡಿನ ಕೊನೆಗೆ ಇನ್ನೊಂದು ಗ್ರೀಕ್ ಅಕ್ಷರ ಕೂಡಿಸಿದ. "ಇದು ಅದಕ್ಕೆ," ಎಂದ.

ಆ ಸಭಾಂಗಣದಲ್ಲಿ ಮುಂದಿನ ಸಾಲಿನ ಕುರ್ಚಿಗೆ ಪೈಪೋಟಿ. ಬೆಳಿಗ್ಗೆ ಬೇಗ ಹೋಗಿ ಒಂದು ಕುರ್ಚಿಯ ಮೇಲೆ ಮಾವನ ವಲ್ಲಿ ಹಾಸಿ, ನಿಶ್ಚಿಂತೆಯಿಂದ ಚಹಾಕ್ಕೆ ಹೋದೆ. ಬಂದು ನೋಡಿದರೆ ಅಲ್ಲಿ ಖರ್ಚಿನ ಮೇಷ್ಟ್ರು ಕುಳಿತಿದ್ದಾರೆ. ವಲ್ಲಿಯನ್ನು ಯಾರೋ ನೀಟಾಗಿ ಮಡಚಿ ಕಳೆದುಹೋದ ವಸ್ತುಗಳ ಪೆಟ್ಟಿಗೆಗೆ ಹಾಕಿದ್ದರು.

"ಅದು ನನ್ನ ಕುರ್ಚಿ," ಎಂದೆ.

"ಹೇಗೆ?"

"ಬಟ್ಟೆ ಹಾಕಿದ್ದೆ."

"ಬಟ್ಟೆ ಕುರ್ಚಿಯನ್ನು ಹಿಡಿದಿಡುತ್ತದೆಯೇ?"

"ಮಾನ್ವಿಯ ಬಸ್ಸಿನಲ್ಲಿ ಹಿಡಿದಿಡುತ್ತದೆ. ಕಿಟಕಿಯಿಂದ ಒಳಗೆ ಎಸೆದರೆ ಸಾಕು."

ಮೇಷ್ಟ್ರಿಗೆ ಕುರ್ಚಿ ಬಿಟ್ಟುಕೊಡುವ ಮನಸ್ಸಾಗಲಿಲ್ಲ, ವಲ್ಲಿಯ ಮೇಲೆ ಮಾತ್ರ ಅಪಾರ ಆಸಕ್ತಿ ಬಂತು. ಮಧ್ಯಾಹ್ನ ಚಹಾದ ಹೊತ್ತಿಗೆ ಅದರ ಬೇರೆ ಉಪಯೋಗಗಳೇನು ಎಂದು ಕೇಳಿದರು. ಬೆವರು ಒರೆಸುವುದರಿಂದ ಶುರುಮಾಡಿ ಎತ್ತಿನ ಬೆಲೆಗೆ ಬಂದೆ. ಕೈ ಹಿಡಿದು ಕಲಿಸಿಯೂಬಿಟ್ಟೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು. ದೊಡ್ಡ ಸಂಖ್ಯೆಗಳಿಗೆ ಅಂಗೈ ಹಿಡಿಯುವ ಲೆಕ್ಕ ಬೇರೆ ಇದೆ, ಅದನ್ನೂ ಹೇಳಿಕೊಟ್ಟೆ. ಎರಡು ದಿನ ಬಿಟ್ಟು ನೋಟಿನ ಮೇಷ್ಟ್ರು ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕುಳಿತರು. "ಅವರಿಗೆ ಏನೋ ಕಲಿಸಿದಿರಂತೆ," ಎಂದರು, ಬೇಸರ ಮುಚ್ಚಿಟ್ಟುಕೊಂಡು. ಅವರಿಗೂ ಕಲಿಸಿದೆ.

ವಲ್ಲಿಯ ಕೆಳಗೆ

ಶಿಬಿರ ಮುಗಿಯುವ ದಿನ ಬಂತು, ಫೈಸಲಾ ಬರಲಿಲ್ಲ. ಸಹಕಾರ ಸಂಘದ ಬೈಲಾಗಳನ್ನು ಬಾಯಿಪಾಠ ಮಾಡುವ ಕನಸು ಬೀಳತೊಡಗಿತ್ತು. ಕೊನೆಯ ಚಹಾಕೂಟದಲ್ಲಿ ಒಂದು ರೂಢಿ ಇತ್ತು. ಬರುವ ವರ್ಷ ಆ ದೇಶದಲ್ಲಿ ಬೆಲೆಗಳು ನೂರಕ್ಕೆ ಎಷ್ಟು ಏರುತ್ತವೆ ಎಂದು ಮೇಷ್ಟ್ರುಗಳು ಒಂದೊಂದು ಸಂಖ್ಯೆ ಹೇಳಬೇಕು. ಇಬ್ಬರೂ ಹೇಳಲು ತಯಾರಿಲ್ಲ. ಮೊದಲು ಹೇಳಿದವರ ಸಂಖ್ಯೆಯನ್ನು ಎರಡನೆಯವರು ಮುರಿಯುತ್ತಾರೆ ಎಂಬ ಹೆದರಿಕೆ.

"ಬಾಯಿಬಿಟ್ಟು ಹೇಳುವುದು ಬೇಡ, ಕೈಯಲ್ಲಿ ಹೇಳಿ," ಎಂದುಬಿಟ್ಟೆ ನಾನು.

ಎಲ್ಲರೂ ಚಪ್ಪಾಳೆ ತಟ್ಟಿದರು. ಇಬ್ಬರೂ ಹಿಂಜರಿದರು. ಆದರೆ ತನಗೆ ಗುಟ್ಟಾಗಿ ಬರುವ ವಿದ್ಯೆಯನ್ನು ಪ್ರದರ್ಶಿಸುವ ಆಸೆ ಯಾವ ಪ್ರಾಧ್ಯಾಪಕನಿಗೆ ಇಲ್ಲ? ಎದುರುಬದುರು ಕುಳಿತರು. ವಲ್ಲಿ ಹೊದಿಸಿ, ಮೇಲೆ ಬೇರೆ ಏನಾದರೂ ಮಾತಾಡುತ್ತಿರಬೇಕು ಎಂದು ನೆನಪಿಸಿದೆ.

"ಈ ಸಲ ಮಳೆ ಜಾಸ್ತಿ," ಎಂದರು ಖರ್ಚಿನ ಮೇಷ್ಟ್ರು.

"ಹೌದು, ಗುಲಾಬಿ ಕೊಳೆಯುತ್ತಿವೆ," ಎಂದರು ನೋಟಿನ ಮೇಷ್ಟ್ರು. ಅವರು ನೇರವಾಗಿ ಆಡಿದ ಮೊದಲ ಮಾತು ಅದು.

ಕೆಂಪಂಚು ಅಲ್ಲಾಡಿತು, ನಿಂತಿತು, ಮತ್ತೆ ಅಲ್ಲಾಡಿತು. ಇಬ್ಬರ ಹುಬ್ಬೂ ಒಂದೇ ಸಲ ಮೇಲೇರಿದವು. ಕೈ ಹೊರತೆಗೆದು, ನಗುತ್ತಾ ತಲೆಯಾಡಿಸಿದರು. ಒಪ್ಪಂದವಾಗಿತ್ತು. ಸಂಖ್ಯೆ ಎಷ್ಟೆಂದು ಹೊರಗೆ ಹೇಳಬಾರದು, ಅದು ಸಂತೆಯ ನಿಯಮ. ಅವರು ಹೇಳಲೂ ಇಲ್ಲ. ಆದರೆ ಕೋಟು ಹಾಕಿಕೊಳ್ಳುವಾಗ ಖರ್ಚಿನ ಮೇಷ್ಟ್ರು ಸಂತೋಷ ತಡೆಯದೆ ನನ್ನ ಕೈಯನ್ನು ಹಿಡಿದು ತೋರಿಸಿದರು. ಅಂಗೈ ಪೂರ್ತಿ, ಆಮೇಲೆ ಒಂದು ಬೆರಳು. "ಅವರು ನನ್ನ ಮಾತಿಗೆ ಬರುತ್ತಾರೆಂದು ನಾನು ಎಣಿಸಿರಲಿಲ್ಲ," ಎಂದರು. ಮೆಟ್ಟಿಲಿನ ಬಳಿ ನೋಟಿನ ಮೇಷ್ಟ್ರು ಅದೇ ಹಿಡಿತ ತೋರಿಸಿದರು. ಅಂಗೈ ಪೂರ್ತಿ, ಆಮೇಲೆ ಒಂದು ಬೆರಳು. "ಕೊನೆಗೂ ಒಪ್ಪಿದರು ನೋಡಿ!"

ಬೆಟ್ಟ ಇಳಿಯುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಫೈಸಲಾ ಸಿಕ್ಕಿತ್ತು. ಮೇಲೆ ಎಷ್ಟೇ ಜಗಳವಿದ್ದರೂ ಒಳಗೆ ಇಬ್ಬರ ಲೆಕ್ಕವೂ ಒಂದೇ. ಸಾಹೇಬರಿಗೆ ಇದಕ್ಕಿಂತ ಏನು ಬೇಕು?

"ಇವತ್ತಾದರೂ ಸರಿಮಾಡಿದರಾ?" ಎಂದು ಕೇಳಿದಳು ಮಿಸೆಸ್ ಡಾಬಿ.

"ಇವತ್ತು ಮಾಡಿದರು," ಎಂದೆ.

ಆಕೆ ಕೈ ಒರೆಸಿಕೊಂಡು ಹಿತ್ತಲ ಬಾಗಿಲಿಗೆ ಹೋಗಿ, ಅಗೆಯುತ್ತಿದ್ದ ಅಳಿಯನನ್ನು ಕೂಗಿ ಹೇಳಿದಳು. ಅವನು ಗುದ್ದಲಿಗೆ ಒರಗಿ ನನ್ನ ಕಡೆ ಕೈ ಎತ್ತಿದ. ಈ ಕೊನೆಯದು ದಿನಚರಿಯಲ್ಲಿ ಇಲ್ಲ. ನೆನಪಿನಲ್ಲಿ ಮಾತ್ರ ಇದೆ. ಇದೊಂದು ಸುಳ್ಳಾಗಿದ್ದರೆ ಚೆನ್ನಾಗಿತ್ತು ಅನಿಸುತ್ತದೆ.

ಮತ್ತೆ ಮಾನ್ವಿ, ಅಲ್ಲಿಂದ ದೇವದುರ್ಗ

ಕಾಲೇಜು ತೆರೆಯುವ ಮೊದಲು ಮಾನ್ವಿಗೆ ಹೋಗಿ ಮಾವನಿಗೆ ಎಲ್ಲ ಹೇಳಿದೆ. ಅವನಿಗೆ ಅರ್ಥಶಾಸ್ತ್ರಕ್ಕಿಂತ ತನ್ನ ವಲ್ಲಿ ಬಿಳಿಯರ ಕೈ ಮೇಲೆ ಕೂತದ್ದೇ ದೊಡ್ಡದು. ಅತ್ತೆಯನ್ನು ಕರೆದು ಎರಡನೇ ಸಲ ಹೇಳಿಸಿದ. ಆಮೇಲೆ ಕೈ ಚಾಚಿ, "ಎಷ್ಟಕ್ಕ ಮುಗಿಸಿದ್ರು? ಹಿಡದು ತೋರ್ಸು," ಎಂದ.

ಅಂಗೈ ಪೂರ್ತಿ ಹಿಡಿದೆ, ಆಮೇಲೆ ಒಂದು ಬೆರಳು. "ಒಂಬತ್ತು," ಎಂದೆ.

"ಥೂ! ಅದು ಆರು."

"ಅಂಗೈ ಅಂದ್ರ ಹತ್ತಲ್ಲೇನು ಮಾವ? ಹತ್ತರಾಗ ಒಂದು ಕಳದ್ರ ಒಂಬತ್ತು."

"ಅದು ದೇವದುರ್ಗದವ್ರ ಕೈ! ನಿಮ್ಮ ತಾತ ಕಲಿಸ್ಯಾನ ನಿನಗ. ನಮ್ಮ ಮಾನ್ವ್ಯಾಗ ಅಂಗೈ ಅಂದ್ರ ಐದು, ಮ್ಯಾಲ ಒಂದು ಹಿಡದ್ರ ಆರು. ಐದು ಬೆರಳಿನ ಕೈಗೆ ಯಾವನರ ಹತ್ತಂತಾನೇನ? ನಾ ಎಷ್ಟು ಸಲ ಹೇಳಿಲ್ಲ ನಿನಗ?"

ಹೇಳಿದ್ದ. ಅದೂ ನೆನಪಾಯಿತು. ಪಡಸಾಲೆಯ ಆ ಎರಡು ಆಟಗಳು ನನ್ನ ತಲೆಯಲ್ಲಿ ಒಂದಾಗಿದ್ದವು. ಈಗ ಕುಳಿತು ಯೋಚಿಸಿದೆ. ಚಹಾದ ಹೊತ್ತಿಗೆ ಖರ್ಚಿನ ಮೇಷ್ಟ್ರಿಗೆ ಕಲಿಸಿದಾಗ ತಾತನ ಮಾತು ಹೇಳುತ್ತಿದ್ದೆ, ಆದ್ದರಿಂದ ದೇವದುರ್ಗದ ಕೈ. ಬಸ್ಸಿನಲ್ಲಿ ನೋಟಿನ ಮೇಷ್ಟ್ರಿಗೆ ಹೇಳಿದಾಗ ಮಾನ್ವಿಯ ಬಸ್ಸಿನ ನೆನಪು, ಆದ್ದರಿಂದ ಮಾವನ ಕೈ. ಹಾಗಿದ್ದರೆ ಒಂದೇ ಹಿಡಿತಕ್ಕೆ ಒಬ್ಬರು ಒಂಬತ್ತು ಎಂದುಕೊಂಡರು, ಇನ್ನೊಬ್ಬರು ಆರು ಎಂದುಕೊಂಡರು. ಇನ್ನೊಬ್ಬ ಸೋತ ಎಂದು ಇಬ್ಬರೂ ನಕ್ಕರು. ದಿನಚರಿ ತೆಗೆದು ನೋಡಿದೆ. ಆ ಎರಡು ದಿನಗಳಲ್ಲಿ ಬಿಸ್ಕತ್ತಿನ ಬಗ್ಗೆ ಇದೆ, ಅಂಗೈ ಬಗ್ಗೆ ಒಂದಕ್ಷರ ಇಲ್ಲ. ಹೀಗೇ ಆಗಿರಬೇಕು ಎಂದು ನನ್ನ ಅನುಮಾನ ಅಷ್ಟೇ. ಆದರೆ ಆ ಇಬ್ಬರ ನಗುವಿಗೆ ಬೇರೆ ಕಾರಣ ನನಗೆ ಇವತ್ತಿಗೂ ಹೊಳೆದಿಲ್ಲ.

ಮಾವನೊಬ್ಬನ ಮಾತನ್ನು ನಂಬಿ ಕೂರಲಾಗಲಿಲ್ಲ. ಮರುವಾರ ದೇವದುರ್ಗದ ದನದ ಸಂತೆಗೆ ಹೋದೆ, ಜೀವನದಲ್ಲಿ ಮೊದಲ ಸಲ. ಬೇವಿನ ಮರದ ಕೆಳಗೆ ಒಬ್ಬ ದಲಾಲಿ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಎತ್ತು ಬೇಕೇನ್ರಿ ಅಕ್ಕಾರ?"

"ಎತ್ತು ಬ್ಯಾಡಪ್ಪ. ಅಂಗೈ ಹಿಡದು ಒಂದು ಬೆರಳು ಹಿಡದ್ರ ಎಷ್ಟು?"

"ಒಂಬತ್ತು. ಯಾಕ್ರಿ?"

"ಮಾನ್ವ್ಯಾಗ ಆರು ಅಂತಾರಲ್ಲ."

ಆತ ಪಕ್ಕದವನಿಗೆ ಮೊಣಕೈ ತಿವಿದು ನಕ್ಕ. "ಮಾನ್ವಿಯವ್ರಿಗಿ ಎಣಿಕಿ ಎಲ್ಲಿ ಬರ್ತದ್ರೀ? ನೆಲ್ಲು ಬೆಳದು ಬೆಳದು ತಲಿಗೆ ನೀರು ಹತ್ಯದ."

"ಹಂಗಾದ್ರ ಅವ್ರ ಜೋಡಿ ವ್ಯಾಪಾರ ಹೆಂಗ ಮಾಡ್ತೀರಿ?"

"ಕೈ ಕೊಡೂ ಮೊದ್ಲ ಕೇಳ್ತೀವ್ರಿ, ಯಾವೂರ ಕೈ ಅಂತ," ಎಂದ. "ಕೇಳಿದ್ಮ್ಯಾಲನೂ ಮೋಸ ಮಾಡ್ತಾರ, ಆ ಮಾತು ಬ್ಯಾರೆ. ಎತ್ತು ಬ್ಯಾಡಂದ್ರ ನೆಳ್ಳು ಬಿಡ್ರಿ, ಗಿರಾಕಿ ಬರಾಕತ್ತಾರ."

ರಾಯಚೂರು

ಕಾಲೇಜಿನಲ್ಲಿ ಅಧ್ಯಾಪಕರ ಸಭೆಯ ದಿನ ಬಂತು. ಬೆಟ್ಟ ಇಳಿಯುವಾಗ ಇದ್ದ ಫೈಸಲಾವನ್ನೇ ಹೇಳಿಬಿಡಬಹುದಿತ್ತು. ದಾರಿಯುದ್ದಕ್ಕೂ ಅದನ್ನೇ ಅಭ್ಯಾಸ ಮಾಡಿದ್ದೆ. ಬಾಯಿ ತೆರೆದಾಗ ಬೇರೆಯೇ ಬಂತು.

"ಫೈಸಲಾ ಏನಾತ್ರಿ ಮೇಡಂ?" ಎಂದರು ಖಾದ್ರಿ ಸಾಹೇಬರು.

"ಆಗಿಲ್ರಿ."

ವೀರಭದ್ರಪ್ಪ ಮಾಸ್ತರರು ಕುರ್ಚಿಯಲ್ಲಿ ನೆಟ್ಟಗಾದರು. ನಾನು ವಲ್ಲಿಯ ಕಥೆ ಪೂರ್ತಿ ಹೇಳಿದೆ, ಆರು ಒಂಬತ್ತನ್ನೂ ಸೇರಿಸಿ. ಸಭೆ ನಕ್ಕು ನಕ್ಕು ಸುಸ್ತಾಯಿತು. ನಗು ನಿಂತ ಮೇಲೆ ಹೇಳಿದೆ: "ಅವ್ರು ಕೆಟ್ಟವ್ರಲ್ಲ, ದಡ್ಡರೂ ಅಲ್ಲ. ನಿರೀಕ್ಷೆ ಅಂತಾರ, ಒಬ್ಬರಿಗೆ ಅದು ಜನರ ಹೆದರಿಕಿ, ಇನ್ನೊಬ್ಬರಿಗೆ ಜನರ ಲೆಕ್ಕ. ಬೇಡಿಕಿ ಅಂತಾರ, ಒಬ್ಬರಿಗೆ ಗಿರಣಿ ಕಾಣ್ತದ, ಇನ್ನೊಬ್ಬರಿಗೆ ನೋಟು. ಅದೇ ಶಬ್ದ, ಎಣಿಕಿ ಬ್ಯಾರೆ. ಆದ್ರ ಎಲ್ಲಾರ ಮನಿ ಧಾರಣಿ ಒಮ್ಮಿಗೇ ಯಾಕ ಏರ್ತದ ಅಂತ ಕೇಳೋ ಪೇಪರ್ ಇದೊಂದಾ ಅದ. ಇದನ್ನ ತಗದ್ರ ಹುಡುಗ್ರು ಕೇಳೋದು ಬಿಡಂಗಿಲ್ಲ. ಅಂಗಡಿಯವನ್ನ ಬೈಕೋತ ಇರ್ತಾರ."

"ಜಗಳ ಮುಗೀಲಾರದ್ದು ಏನಂತ ಕಲಿಸೋದ್ರಿ ಸರ?" ಎಂದರು ವೀರಭದ್ರಪ್ಪ ಮಾಸ್ತರರು. "ಇವ್ರ ಬಾಯಿಂದಾನ ಬಂತಲ್ಲ, ಫೈಸಲಾ ಇಲ್ಲಂತ."

ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ಜಗಳ ಮುಗದಿದ್ದನ್ನ ನಾವು ಇತಿಹಾಸದವ್ರು ಕಲಸ್ತೀವಲ್ಲ ಮಾಸ್ತರ. ಇನ್ನೂ ನಡದಿರೋ ಜಗಳಾನೂ ಯಾರರ ಕಲಸ್ಬೇಕು." ಆಮೇಲೆ ನನ್ನ ಕಡೆ ನೋಡಿದರು. "ಎರಡೂ ಪೇಪರ್ ಇಡೂನು. ಒಂದೇ ತಾಸಿಗೆ, ಅಕ್ಕಪಕ್ಕದ ಕ್ಲಾಸಿನಾಗ. ಹುಡುಗ್ರು ಯಾವ ಕಡೆ ಕೂಡ್ತಾರೋ ಆ ಪೇಪರ್ ಉಳೀತದ. ಇಲ್ಲಿ ನನ್ನ ಫೈಸಲಾ ಇಲ್ಲ, ಅವ್ರದ್ದು."

ಮೊದಲ ತರಗತಿಯ ದಿನ ನನ್ನ ಬೆಂಚುಗಳು ತುಂಬಿದ್ದವು. ಅದರಲ್ಲಿ ಅರ್ಧ ಇಂಗ್ಲೆಂಡಿನ ಕಥೆ ಕೇಳಲು ಬಂದವರು ಎಂದು ನನಗೆ ಗೊತ್ತಿತ್ತು. ಪಕ್ಕದ ಕೋಣೆಯಲ್ಲಿ ವೀರಭದ್ರಪ್ಪ ಮಾಸ್ತರರು ನೋಟ್ಸು ಹೇಳಿ ಬರೆಸತೊಡಗಿದ್ದರು. ಅವರ ನೋಟ್ಸು ಬರೆದುಕೊಂಡವರು ಪಾಸಾಗುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಅಲ್ಪವಿರಾಮ ಸಹಿತ ಹೇಳುವ ಅವರ ದೊಡ್ಡ ದನಿ ಗೋಡೆ ದಾಟಿ ಬರುತ್ತಿತ್ತು. ನನ್ನ ಕಡೆಯ ಇಬ್ಬರು ಆಗಲೇ ಅದನ್ನು ಬರೆದುಕೊಳ್ಳುತ್ತಿದ್ದರು.

ನಾನು ತಕ್ಕಡಿ ಬರೆದೆ, ಎರಡೂ ತಟ್ಟೆ ಮೇಲೆ ಹೋದದ್ದನ್ನು ಬರೆದೆ. ಖರ್ಚಿನ ಮೇಷ್ಟ್ರು ಏನನ್ನುತ್ತಾರೆ, ನೋಟಿನ ಮೇಷ್ಟ್ರು ಏನನ್ನುತ್ತಾರೆ ಎಂದು ಹೇಳಿದೆ. ಸಿರವಾರದಿಂದ ಬಸ್ಸಿನಲ್ಲಿ ಬರುವ ರೇಣುಕಾ ಎದ್ದು ನಿಂತಳು. ಬ್ಯಾಗು ಹೆಗಲಲ್ಲೇ ಇತ್ತು.

"ಮೇಡಂ, ಪರೀಕ್ಷೆದಾಗ ಯಾರ್ದು ಬರೀಬೇಕ್ರಿ?"

ಇಡೀ ತರಗತಿ ನನ್ನ ಮುಖ ನೋಡಿತು. ಹೋಗುವುದೋ ಇರುವುದೋ ಎಂಬುದು ಈ ಒಂದು ಉತ್ತರದಲ್ಲಿತ್ತು.

"ಇಬ್ಬರ್ದೂ ಬರಿ," ಎಂದೆ. "ಯಾರು ಯಾವ ಮಾತಿಗೆ ಏನರ್ಥ ಹಚ್ಯಾರ ಅಂತ ಮೊದ್ಲ ಬರಿ. ಆಮ್ಯಾಲ ನಿನಗ ಯಾರ್ದು ಸರಿ ಅನಸ್ತದ, ಯಾಕ ಅನಸ್ತದ, ಅದನ್ನ ಬರಿ."

"ಅಷ್ಟು ಬರಿಯಾಕ ಟೈಮ್ ಸಾಲಂಗಿಲ್ರಿ."

"ಆ ಇಬ್ಬರಿಗೂ ಸಾಲವಲ್ದವ್ವಾ. ನೀ ಸುರು ಮಾಡು."

ಹಿಂದಿನ ಬೆಂಚಿನಿಂದ ಯಾರೋ ನಕ್ಕರು. ರೇಣುಕಾ ನಗಲಿಲ್ಲ. ಬಾಗಿಲನ್ನೊಮ್ಮೆ, ಬೋರ್ಡನ್ನೊಮ್ಮೆ ನೋಡಿದಳು. ಬ್ಯಾಗು ಇಳಿಸಿ, ಕುಳಿತು, ಪೆನ್ನಿನ ಮುಚ್ಚಳ ತೆಗೆದಳು. ಆ ಸಾಲಿನವರೂ ತೆಗೆದರು, ಆಮೇಲೆ ಅದರ ಹಿಂದಿನ ಸಾಲಿನವರು.

"ಪೂರ್ಣವಿರಾಮ," ಎಂದು ಗೋಡೆಯಾಚೆಯಿಂದ ವೀರಭದ್ರಪ್ಪ ಮಾಸ್ತರರ ದನಿ ಕೇಳಿತು. ನಮ್ಮ ಕಡೆ ಯಾರೂ ಅದನ್ನು ಬರೆದುಕೊಳ್ಳಲಿಲ್ಲ.